ಸಿಸಿಟಿವಿ ಸಪ್ಲೈಯಲ್ಲೇ ಘಾಟಿ ಹತ್ತಿದ ಗೂಡ್ಸ್: ಎಚ್‌ಒ ಲೇಔಟ್ ವೈರಿಂಗ್, ನನ್ನ ಅನುಭವ

ಎಚ್‌ಒ ಲೇಔಟ್ ಅಂದರೆ ಹಲಗೆ ಮೇಲೆ ಹಾಸಿದ ಚಿಕ್ಕ ಅಳತೆಯ ಮಾದರಿ ರೈಲು. ಮುಂದೆ ಒಂದು ಇಂಜಿನ್ನು, ಹಿಂದೆ ಎರಡು ಬ್ಯಾಂಕರು (ಏರಿನಲ್ಲಿ ಹಿಂದಿನಿಂದ ತಳ್ಳುವ ಇಂಜಿನ್ನುಗಳು), ನಡುವೆ 14 ಬಾಕ್ಸ್‌ಎನ್ ವ್ಯಾಗನ್ನು. ಏರು 50ಕ್ಕೆ 1. ಇಷ್ಟನ್ನೂ ಮೇಲೆ ಹತ್ತಿಸುತ್ತಿರುವುದು ಸಿಸಿಟಿವಿ ಕ್ಯಾಮೆರಾಗಳಿಗೆ ಹಾಕುವ 12 ವೋಲ್ಟ್ 10 ಆಂಪ್‌ನ ಒಂದು ಎಸ್‌ಎಂಪಿಎಸ್ (ಮನೆ ಕರೆಂಟನ್ನು ಡಿಸಿಗೆ ಇಳಿಸುವ ಸಪ್ಲೈ). ಓಡಿಸುವುದು ಡಿಸಿಸಿಯಲ್ಲಿ: ಹಳಿಯಲ್ಲೇ ಕರೆಂಟಿನ ಜೊತೆ ಡಿಜಿಟಲ್ ಆಜ್ಞೆಯೂ ಹೋಗುತ್ತದೆ, ಇಂಜಿನ್ನಿನೊಳಗಿನ ಡಿಕೋಡರು ಅದನ್ನು ಓದಿ ಮೋಟರನ್ನು ಓಡಿಸುತ್ತದೆ. "ಕ್ಯಾಮೆರಾ ಸಪ್ಲೈಯಲ್ಲಿ ಡಿಸಿಸಿ ಓಡಲ್ಲ ಸಾರ್, ಸುಮ್ನೆ ಒಂದು ಒಳ್ಳೆ ಸೆಟ್ ತಗೊಂಡುಬಿಡಿ" ಅಂದವರು ಒಬ್ಬಿಬ್ಬರಲ್ಲ. ಅವರಲ್ಲಿ ಇಬ್ಬರು ಈಗ ಇದೇ ಸಪ್ಲೈಯನ್ನು ತಮ್ಮ ಲೇಔಟಿಗೂ ಹಾಕಿಕೊಂಡಿದ್ದಾರೆ. ಹೊರಗಿನಿಂದ ತರಿಸುವ ಸೆಟ್ಟಿಗೆ ಸುಂಕ ಸೇರಿ 30 ಸಾವಿರದ ಆಸುಪಾಸು ಬೀಳುತ್ತಿತ್ತು. ನನಗೆ ವೈರು, ಪಾಯಿಂಟ್ ಮೋಟರು (ಹಳಿ ಕವಲೊಡೆಯುವಲ್ಲಿ ದಾರಿ ಬದಲಿಸುವಂಥದ್ದು) ಎಲ್ಲ ಸೇರಿ ಎಂಟೂವರೆ ಸಾವಿರ ಆಯಿತು. ಕಲಿಯುವಾಗ ಸುಟ್ಟಿದ್ದು, ಬಿಸಾಡಿದ್ದು ಇನ್ನೊಂದು ನಾಲ್ಕು ಸಾವಿರ.

ಲೇಔಟ್ ಎಲ್ ಆಕಾರದ್ದು, ಒಂದು ತೋಳು 14 ಅಡಿ, ಇನ್ನೊಂದು 9 ಅಡಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ಮಾದರಿ. ನಿಜವಾದ ಘಾಟಿ 55 ಕಿಲೋಮೀಟರು, 57 ಸುರಂಗ. ನನ್ನ ಹಲಗೆ ಮೇಲೆ ಯಡಕುಮೇರಿ ಕಡೆಯ ಒಂದು ತುಣುಕು, ಮೂರು ಸುರಂಗ ಮಾತ್ರ. ಏರನ್ನು ಮಾತ್ರ ಅಸಲಿಯಂತೆ 50ಕ್ಕೆ 1 ಇಟ್ಟೆ, 5 ಮೀಟರ್ ಓಟಕ್ಕೆ 10 ಸೆಂಟಿಮೀಟರ್ ಎತ್ತರ. ಹಳಿ ಒಟ್ಟು 26 ಮೀಟರು, ಪಾಯಿಂಟು 8. ಘಾಟಿ ಅಂದ ಮೇಲೆ ಬ್ಯಾಂಕರ್ ಬೇಕು. ಬ್ಯಾಂಕರ್ ಅಂದ ಮೇಲೆ ಒಂದೇ ಕಡೆ ಮೂರು ಇಂಜಿನ್ನು ಒಟ್ಟಿಗೆ ಕರೆಂಟು ಎಳೆಯುತ್ತವೆ. ವೈರಿಂಗಿನ ಎಲ್ಲ ತಲೆನೋವೂ ಅಲ್ಲಿಂದಲೇ ಶುರು.

ಆಜ್ಞೆ ಹುಟ್ಟಿಸುವ ಕಮಾಂಡ್ ಸ್ಟೇಷನ್ನು ಆರ್ಡುಯಿನೋ ಮೆಗಾ ಅನ್ನುವ ಮೈಕ್ರೋಕಂಟ್ರೋಲರ್ ಬೋರ್ಡು, ಅದರ ಮೇಲೆ ಡಿಸಿಸಿ-ಇಎಕ್ಸ್ ತಂತ್ರಾಂಶ. ಮೊದಲ ಸುತ್ತಿನಲ್ಲಿ ಎಲ್298 ಚಿಪ್ಪು ಇರುವ ಮೋಟರ್ ಶೀಲ್ಡನ್ನು (ಹಳಿಗೆ ಕರೆಂಟು ಕಳಿಸುವ ಬೋರ್ಡು) ಹಾಕಿ, ಸಪ್ಲೈಯ 12 ವೋಲ್ಟನ್ನು ನೇರ ಕೊಟ್ಟಿದ್ದೆ. ಹಳಿ ಮೇಲೆ ಅಳೆದರೆ 10 ವೋಲ್ಟೂ ಇಲ್ಲ. ಎಲ್298 ಹಳೇ ಕಾಲದ ಟ್ರಾನ್ಸಿಸ್ಟರ್ ಬ್ರಿಡ್ಜು, ಅಂದರೆ ಹಳಿಯ ಪ್ಲಸ್ಸು ಮೈನಸ್ಸನ್ನು ಅದಲುಬದಲು ಮಾಡುತ್ತಿರುವ ಸ್ವಿಚ್ಚಿನ ಜೋಡಣೆ. 1 ಆಂಪ್ ಎಳೆದರೆ ತಾನೇ 2 ವೋಲ್ಟ್ ತಿನ್ನುತ್ತದೆ, 2 ಆಂಪ್ ಹತ್ತಿರ ಹೋದರೆ ಇನ್ನೂ ಜಾಸ್ತಿ. ಹೆಡ್‌ಲೈಟ್ ಮಂಕು, ಘಾಟಿಯ ಅರ್ಧದಲ್ಲಿ ಗಾಡಿ ನಿಂತೇ ಹೋಗುತ್ತಿತ್ತು. ಕ್ಯಾಮೆರಾ ಸಪ್ಲೈ ಕೆಲಸಕ್ಕೆ ಬಾರದು ಅನ್ನುವ ಮಾತು ಹುಟ್ಟಿದ್ದೇ ಇಲ್ಲಿ. ತಪ್ಪು ಸಪ್ಲೈಯದ್ದಲ್ಲ, ಬ್ರಿಡ್ಜಿನದು. ಇದು ಗೊತ್ತಾಗುವ ಮೊದಲು ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರಿಗೆ ಬಕ್ ಕನ್ವರ್ಟರ್ ಹಾಕಿ 15.5ಕ್ಕೆ ಇಳಿಸಿ ಓಡಿಸಿದೆ. ಓಡಿತು, ಆದರೆ "3 ಆಂಪ್" ಅಂತ ಬರೆದಿದ್ದ ಆ ಕನ್ವರ್ಟರ್ 2 ಆಂಪ್ ದಾಟುತ್ತಲೇ ಕೈ ಇಡಲಾಗದಷ್ಟು ಕಾದು, ಮೂರನೇ ವಾರ ಸತ್ತಿತು.

ದಾರಿ ಸಿಕ್ಕಿದ್ದು ಐಬಿಟಿ-2 ಬೋರ್ಡಿನಿಂದ. ಬಿಟಿಎಸ್7960 ಚಿಪ್ಪು ಎರಡು ಇರುವ ಬೋರ್ಡದು, ಎಸ್‌ಪಿ ರೋಡಿನಲ್ಲಿ ನಾನೂರೈವತ್ತಕ್ಕೆ ಸಿಕ್ಕಿತು. ಒಳಗೆ ಮಾಸ್‌ಫೆಟ್ಟು, ಆದ್ದರಿಂದ 3 ಆಂಪ್ ಹರಿದರೂ ಬೀಳುವ ವೋಲ್ಟೇಜು ಲೆಕ್ಕಕ್ಕಿಲ್ಲ, ಹೀಟ್‌ಸಿಂಕು ಬೆಚ್ಚಗೂ ಆಗುವುದಿಲ್ಲ. ಎಸ್‌ಎಂಪಿಎಸ್‌ನ ಔಟ್‌ಪುಟ್ ಪಕ್ಕದ ಟ್ರಿಮ್ ಪಾಟನ್ನು ಸಣ್ಣ ಸ್ಕ್ರೂಡ್ರೈವರಲ್ಲಿ ತಿರುಗಿಸಿ 13.6ಕ್ಕೆ ನಿಲ್ಲಿಸಿದೆ. ಅದಕ್ಕಿಂತ ಮೇಲೆ ಒಯ್ಯಲಿಲ್ಲ, ಯಾಕೆಂದರೆ ಒಳಗಿನ ಔಟ್‌ಪುಟ್ ಕೆಪಾಸಿಟರು 16 ವೋಲ್ಟಿನದು. ಈಗ ಹಳಿ ಮೇಲೆ ಸುಮಾರು 13.4. ಎಚ್‌ಒಗೆ ಇದು ಧಾರಾಳ. ಲ್ಯಾಪ್‌ಟಾಪ್ ಅಡಾಪ್ಟರಿನ 15.5ನ್ನೇ ಐಬಿಟಿಗೂ ಕೊಡುತ್ತೇನೆ ಅನ್ನುವವರು ಅಷ್ಟೂ ವೋಲ್ಟೇಜು ಹಳಿಗೆ ಬರುತ್ತದೆ ಅನ್ನುವುದನ್ನು ಮರೆಯಬೇಡಿ. ಬ್ರಿಡ್ಜ್ ಬದಲಾಯಿಸಿದರೆ ಸಪ್ಲೈ ಇಳಿಸಲೇಬೇಕು.

ಹಳೇ ಶೀಲ್ಡನ್ನು ಬಿಸಾಡಲಿಲ್ಲ, ಅದೀಗ ಪ್ರೋಗ್ರಾಮಿಂಗ್ ಹಳಿಗೆ (ಡಿಕೋಡರಿನ ಸೆಟ್ಟಿಂಗ್ ಬದಲಿಸುವ ಬೇರೆ ತುಂಡು). ಮೇನ್ ಐಬಿಟಿ, ಪ್ರೋಗ್ರಾಮಿಂಗ್ ಶೀಲ್ಡ್ ಅನ್ನುವ ಜೋಡಿ ಡಿಸಿಸಿ-ಇಎಕ್ಸ್‌ನಲ್ಲೇ ಸಿದ್ಧವಿದೆ. ಶೀಲ್ಡಿನ ಹಿಂಬದಿಯ ವಿನ್ ಕನೆಕ್ಟ್ ಗೆರೆಯನ್ನು ಬ್ಲೇಡಿನಲ್ಲಿ ಕತ್ತರಿಸಿದ್ದೇನೆ, ಇಲ್ಲದಿದ್ದರೆ ಹಳಿಯ ವೋಲ್ಟೇಜು ಮೆಗಾದ ರೆಗ್ಯುಲೇಟರಿಗೆ ನುಗ್ಗುತ್ತದೆ. ಮೆಗಾಕ್ಕೆ ಬೇರೆ 9 ವೋಲ್ಟ್ ಅಡಾಪ್ಟರು. ಗ್ರೌಂಡು ಮಾತ್ರ ಎಲ್ಲಕ್ಕೂ ಒಂದೇ.

ಐಬಿಟಿಯ ದೌರ್ಬಲ್ಯ ಒಂದೇ: ಅದರ ಕರೆಂಟ್ ಸೆನ್ಸಿನ ಅಳತೆ ಬೋರ್ಡಿನಿಂದ ಬೋರ್ಡಿಗೆ ಬೇರೆ. ತಂತ್ರಾಂಶದಲ್ಲಿರುವ ಅಂಕಿಯನ್ನು ನಂಬಿ ಕೂತರೆ 5 ಆಂಪಿಗೆ ಟ್ರಿಪ್ಪಾಗಬೇಕಾದ್ದು 7ಕ್ಕೆ ಆಗಬಹುದು. 12 ವೋಲ್ಟ್ 21 ವ್ಯಾಟಿನ ಬ್ರೇಕ್‌ಲೈಟ್ ಬಲ್ಬುಗಳನ್ನೇ ಲೋಡಾಗಿಟ್ಟು ನಾನು ಕ್ಯಾಲಿಬ್ರೇಟ್ ಮಾಡಿದೆ. ಒಂದು ಬಲ್ಬಿಗೆ 1.85 ಆಂಪ್, ಎರಡಕ್ಕೆ 3.7. ಸಪ್ಲೈಯ ಪ್ಲಸ್ ದಾರಿಯಲ್ಲಿ ಮಲ್ಟಿಮೀಟರನ್ನು 10 ಆಂಪ್ ರೇಂಜಿನಲ್ಲಿ ಸೇರಿಸಿ, ಮೀಟರ್ ತೋರಿಸಿದ್ದಕ್ಕೂ ಮೆಗಾ ಹೇಳಿದ್ದಕ್ಕೂ ತಾಳೆ ಬರುವ ತನಕ ಗುಣಾಂಕ ತಿದ್ದಿದೆ. ಟ್ರಿಪ್ಪು 5 ಆಂಪಿಗೆ.

ಇನ್ನು ವೈರು. ಮನೆಯಲ್ಲಿ ಬಿದ್ದಿದ್ದ ಲ್ಯಾನ್ ಕೇಬಲ್ಲಿನ ಒಂದು ಜೊತೆಯನ್ನು ಬಸ್ (ಹಲಗೆ ಕೆಳಗೆ ಉದ್ದಕ್ಕೂ ಹೋಗುವ ಮುಖ್ಯ ವೈರು) ಮಾಡಿದ್ದು ಮೊದಲ ದೊಡ್ಡ ತಪ್ಪು. ಅದರ ತಂತಿಗೆ ಮೀಟರಿಗೆ 0.084 ಓಮ್. 8 ಮೀಟರ್ ದೂರಕ್ಕೆ ಹೋಗಿ ಬರುವಷ್ಟರಲ್ಲಿ 1.3 ಓಮ್. ಮೇಲೆ ಹಳಿಯ ನಿಕ್ಕಲ್ ಸಿಲ್ವರು. ಹೆಸರಲ್ಲಿ ಬೆಳ್ಳಿ, ಒಳಗೆ ತಾಮ್ರ, ನಿಕ್ಕಲ್ಲು, ಸತು, ತಾಮ್ರಕ್ಕಿಂತ ಹಲವು ಪಟ್ಟು ಪ್ರತಿರೋಧ. ಅದರ ಜೊತೆಗೆ ಕಪ್ಪಾದ ಜಾಯಿನರುಗಳು (ಹಳಿ ತುಂಡುಗಳನ್ನು ಕೂಡಿಸುವ ಲೋಹದ ಪಟ್ಟಿ). ಎಲ್ಲ ಸೇರಿ 3 ಓಮ್ ದಾಟಿತೋ, ದೂರದ ತುದಿಯಲ್ಲಿ ಪೂರಾ ಶಾರ್ಟಾದರೂ ಹರಿಯುವುದು ನಾಲ್ಕು ಚಿಲ್ಲರೆ ಆಂಪ್. 5ರ ಟ್ರಿಪ್ಪು ಮಿಸುಕುವುದಿಲ್ಲ. ಐವತ್ತಕ್ಕೂ ಹೆಚ್ಚು ವ್ಯಾಟು ವೈರಲ್ಲಿ, ಹಳಿಯಲ್ಲಿ, ಚಕ್ರದಲ್ಲಿ ಕಾವಾಗುತ್ತದೆ. ಒಂದು ಬೋಗಿಯ ಪ್ಲಾಸ್ಟಿಕ್ ಸೈಡ್‌ಫ್ರೇಮು ಕರಗಿ ಬಾಗಿದ್ದು ಹೀಗೆಯೇ. ವೈರಿಂಗ್ ದಪ್ಪಗಿರಬೇಕಾದ್ದು ಗಾಡಿ ಜೋರಾಗಿ ಓಡಲಿ ಅಂತಲ್ಲ, ಶಾರ್ಟ್ ಆದಾಗ ಸಪ್ಲೈಗೆ ಅದು ಗೊತ್ತಾಗಲಿ ಅಂತ.

ಈಗಿನ ಬಸ್ಸು ಎಲೆಕ್ಟ್ರಿಷಿಯನ್ನರ ಒಂದೂವರೆ ಎಂಎಂ (ಚದರ ಮಿಲಿಮೀಟರ್) ವೈರು. ಒಂದೇ ಎರಡೂವರೆ ಎಂಎಂ ಬಸ್ಸಿನ ಬದಲು ಮೂರು ಒಂದೂವರೆ ಬಸ್ಸು ಎಳೆದೆ: ಯಾರ್ಡಿಗೆ, ಘಾಟಿಗೆ, ಕೆಳಗಿನ ಸ್ಟೇಷನ್ನಿಗೆ. ಅತಿ ದೂರದ್ದು 9 ಮೀಟರು, ಹೋಗಿ ಬರಲು ಸುಮಾರು 0.24 ಓಮ್, ಒಂದೂವರೆ ಆಂಪಿಗೆ 0.36 ವೋಲ್ಟ್ ನಷ್ಟ. ಅಷ್ಟು ಪರವಾಗಿಲ್ಲ. ಕೆಂಪು–ಕಪ್ಪು ತರಲೇಬೇಡಿ. ಮನೆ ವೈರಿಂಗಿನಲ್ಲಿ ಕೆಂಪು ಅಂದರೆ ಫೇಸು, ನಾಳೆ ಯಾರಾದರೂ ಹಲಗೆ ಕೆಳಗೆ ಕೈ ಹಾಕಿದರೆ ಅನುಮಾನ ಬರಬಾರದು. ನನ್ನದು ಹಳದಿ–ನೀಲಿ; ಗೋಡೆ ಕಡೆಯ ಹಳಿ ಹಳದಿ, ನಮ್ಮ ಕಡೆಯದು ನೀಲಿ. 230 ವೋಲ್ಟು ಹಲಗೆ ಕೆಳಗೆ ಎಲ್ಲೂ ಇಲ್ಲ. ಎಸ್‌ಎಂಪಿಎಸ್‌ನ ತೆರೆದ ಟರ್ಮಿನಲ್ಲುಗಳು ಗೋಡೆಯ ಜಂಕ್ಷನ್ ಬಾಕ್ಸಿನೊಳಗೆ, ಮೈಗೆ ಅರ್ತಿಂಗು. 90 ಮೀಟರಿನ ಕಾಯಿಲ್ ಎರಡು ಬಣ್ಣದಲ್ಲೂ ತಂದಿದ್ದು ದುಡ್ಡಿನ ತಪ್ಪು, ಮೂರು ಬಸ್ಸಿಗೂ ಸೇರಿ ಹಿಡಿದದ್ದು 40 ಮೀಟರಿನ ಒಳಗೇ. ಮೀಟರ್ ಲೆಕ್ಕದಲ್ಲಿ ಕೊಡುವ ಅಂಗಡಿ ಹುಡುಕಿ.

ಬಸ್ಸಿನಿಂದ ಹಳಿಗೆ ಹೋಗುವ ಸಣ್ಣ ವೈರು, ಅಂದರೆ ಫೀಡರು, ಪ್ರತಿ ತುಂಡು ಹಳಿಗೂ ಒಂದು ಜೊತೆ, ಪಾಯಿಂಟಿಗೂ ಬಿಡದೆ. 36 ಜೊತೆ ಆಯಿತು. ಜಾಯಿನರು ಹಳಿಯನ್ನು ನೇರವಾಗಿ ಹಿಡಿಯುವುದಕ್ಕೆ ಮಾತ್ರ, ಅದನ್ನು ನಂಬಿ ಕರೆಂಟು ಕಳಿಸಬಾರದು. ಫೀಡರಿಗೆ ಅರ್ಧ ಎಂಎಂ ವೈರು, ಉದ್ದ 30 ಸೆಂಟಿಮೀಟರ್ ಮೀರದಂತೆ.

ಬೆಸುಗೆಯಲ್ಲಿ 25 ವ್ಯಾಟಿನ ಐರನ್ ಹಿಡಿದು ಆರು ತುಂಡು ಹಳಿ ಹಾಳಾದವು. ಕಾವು ಕಡಿಮೆ, ಹಾಗಾಗಿ ಹೊತ್ತು ಹಿಡಿಯಬೇಕು, ಅಷ್ಟರಲ್ಲಿ ಸ್ಲೀಪರ್ ಕರಗಿ ಗೇಜು ಕೆಡುತ್ತದೆ. 60 ವ್ಯಾಟಿನ ಚಪ್ಪಟೆ ಮೂತಿಯ ಐರನ್ನು ಬೇಕು, ಕೆಲಸ ಎರಡೇ ಸೆಕೆಂಡಿನದು. ಹಳಿಯ ಹೊರಮೈಯನ್ನು ಸಣ್ಣ ಅರದಿಂದ ಹೊಳೆಯುವಂತೆ ಉಜ್ಜಿ, ರೋಸಿನ್ ಫ್ಲಕ್ಸ್ ಒಂದು ಹನಿ, ಮೊದಲು ಹಳಿಗೆ ಸೀಸ ಹಿಡಿಸಿ. ವೈರಿನ ತುದಿಗೂ ಹಿಡಿಸಿ, ಇಂಗ್ಲಿಷಿನ ಎಲ್ ಥರ ಮಡಿಸಿ ಹಳಿಯ ಸೊಂಟಕ್ಕೆ ಒತ್ತಿ. ಐರನ್ ಮುಟ್ಟಿಸಿದ ಕೂಡಲೇ ಬೂದು ಬಣ್ಣದ ಸೀಸ ಒಮ್ಮೆಲೇ ಕನ್ನಡಿ ಥರ ಹೊಳೆದು ವೈರಿನ ಕೆಳಗೆ ಹರಿಯುತ್ತದೆ; ಹರಿದ ಆ ಕ್ಷಣದಲ್ಲೇ ಐರನ್ ತೆಗೆಯಬೇಕು, ವೈರನ್ನು ಇನ್ನೂ ಮೂರು ಎಣಿಸುವ ತನಕ ಅಲುಗಿಸಬಾರದು. ಎರಡೂ ಪಕ್ಕ ಒದ್ದೆ ಹತ್ತಿ ಇರಲಿ. ಡಬ್ಬಿಯಲ್ಲಿ ಸಿಗುವ ಹುಳಿ ಪೇಸ್ಟು ಬೇಡ, ಆರು ತಿಂಗಳಲ್ಲಿ ಹಸಿರು ಕಿಲುಬು ಬಂದು ಕೀಲು ಬಿಡುತ್ತದೆ.

ಬಸ್ಸಿಗೆ ಫೀಡರ್ ಸೇರಿಸಲು ಸ್ಕ್ರೂ ಕನೆಕ್ಟರ್ ಪಟ್ಟಿ ಹಾಕಿದ್ದೆ. ಮಳೆಗಾಲ ಕಳೆದು ಬೇಸಿಗೆ ಬರುವಷ್ಟರಲ್ಲಿ ಹನ್ನೊಂದು ಸ್ಕ್ರೂ ಸಡಿಲ. ಈಗ ಬಸ್ಸಿನ ಸಿಪ್ಪೆಯನ್ನು 15 ಮಿಲಿಮೀಟರ್ ಬಿಡಿಸಿ, ಫೀಡರನ್ನು ಐದು ಸುತ್ತು ಸುತ್ತಿ ಬೆಸೆಯುತ್ತೇನೆ. ಹಳದಿ, ನೀಲಿಯ ಬೆಸುಗೆಗಳನ್ನು ಎದುರುಬದುರು ಮಾಡದೆ ಒಂದು ಗೇಣು ಹಿಂದೆಮುಂದೆ ಮಾಡಿದರೆ ಟೇಪು ಬಿಟ್ಟರೂ ಶಾರ್ಟಾಗದು.

ಈಗ ಬಲ್ಬು. ಪ್ರತಿ ಬಸ್ಸಿನ ಹಳದಿ ದಾರಿಯಲ್ಲಿ 21 ವ್ಯಾಟಿನ ಬಲ್ಬೊಂದು ಸರಣಿಯಲ್ಲಿದೆ. ಶಾರ್ಟಾದ ಭಾಗದ ಬಲ್ಬು ಹತ್ತಿಕೊಂಡು ಕರೆಂಟನ್ನು 1.85 ಆಂಪಿಗೆ ಕಟ್ಟಿಹಾಕುತ್ತದೆ, ಉಳಿದೆರಡು ಭಾಗದ ಗಾಡಿಗಳು ಓಡುತ್ತಲೇ ಇರುತ್ತವೆ. ಎಲ್ಲಿ ಶಾರ್ಟು ಅನ್ನುವುದೂ ಕಣ್ಣಿಗೆ ಕಾಣುತ್ತದೆ. ಎಲ್298 ಇದ್ದಾಗ ಇದೇ ಬಲ್ಬು ಕೈಕೊಟ್ಟಿತ್ತು, ಬಲ್ಬು ಹತ್ತುವ ಮೊದಲೇ ಶೀಲ್ಡ್ ಟ್ರಿಪ್ಪು. ಚಿಕ್ಕ ಶೀಲ್ಡಿನಲ್ಲೇ ಓಡಿಸುವವರು ಬೈಕಿನ ಇಂಡಿಕೇಟರಿನ 10 ವ್ಯಾಟ್ ಬಲ್ಬು ಹಾಕಿ.

ಆದರೆ ಘಾಟಿಯಲ್ಲಿ ಬಲ್ಬು ಬೇರೆಯೇ ಪಾಠ ಕಲಿಸಿತು. ತಣ್ಣಗಿರುವ ಬಲ್ಬಿಗೆ ಪ್ರತಿರೋಧ ಅರ್ಧ ಓಮಿನ ಸುತ್ತಮುತ್ತ, ಸರಿ. ಮೂರು ಇಂಜಿನ್ನು ಏರಿನಲ್ಲಿ ಸೇರಿ 0.9 ಆಂಪ್ ಎಳೆದಾಗ ತಂತಿ ಕಾದು, ಬಲ್ಬೇ ಮೂರೂವರೆ ವೋಲ್ಟ್ ನುಂಗುತ್ತದೆ. ಕಣ್ಣಿಗೆ ಬಲ್ಬು ಮಂಕಾಗಿ ಕೆಂಪಗಿದೆ ಅಷ್ಟೆ, ಗಾಡಿ ಮಾತ್ರ ಎರಡನೇ ಸುರಂಗದ ಬಾಯಲ್ಲಿ ಏದುಸಿರು ಬಿಡುತ್ತದೆ. ವಾರಗಟ್ಟಲೆ ಫೀಡರು ತಡಕಿದ ಮೇಲೆ ಹೊಳೆಯಿತು. ಘಾಟಿ ಬಸ್ಸಿಗೆ ಮಾತ್ರ ಎರಡು ಬಲ್ಬು ಪ್ಯಾರಲಲ್, ತಲಾ 0.45 ಆಂಪ್, ಬೀಳುವುದು ಒಂದು ವೋಲ್ಟ್. ಶಾರ್ಟಾದರೆ 3.7 ಆಂಪ್, ಉಳಿದ ಭಾಗಗಳಿಗೆ 1.3 ಉಳಿಯುತ್ತದೆ. ಮೂರನೇ ಬಲ್ಬಿಗೆ ಜಾಗವಿಲ್ಲ, 5 ದಾಟುತ್ತದೆ. ತಣ್ಣನೆ ಬಲ್ಬು ಮೊದಲ ಕ್ಷಣ ಹತ್ತು ಪಟ್ಟು ಕರೆಂಟು ಎಳೆಯುವುದರಿಂದ ಟ್ರಿಪ್ಪಿಗೆ ಒಂದಿಷ್ಟು ಮಿಲಿಸೆಕೆಂಡ್ ತಾಳ್ಮೆ ಬೇಕು. ನನ್ನ ಅಂಕಿಯನ್ನು ಇಲ್ಲಿ ಬರೆಯುತ್ತಿಲ್ಲ, ಅದು ನನ್ನ ಸಪ್ಲೈಗೂ ಬಲ್ಬಿಗೂ ಕುಳಿತ ಅಂಕಿ. ಐದು ರೂಪಾಯಿ ನಾಣ್ಯವನ್ನು ಪ್ರತಿ ತುಂಡು ಹಳಿಗೂ ಅಡ್ಡಲಾಗಿ ಇಟ್ಟು, ಎಲ್ಲ ಕಡೆ ಬಲ್ಬು ಹತ್ತುವ ತನಕ ನಿಮ್ಮದನ್ನು ನೀವು ಹೊಂದಿಸಿಕೊಳ್ಳಿ.

ಹಳಿಯ ಸಿಗ್ನಲಿನ ಕಿರಿಕಿರಿ ತಗ್ಗೀತೆಂದು ಬಸ್ಸಿನ ತುದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರು, 100 ಓಮ್ ರೆಸಿಸ್ಟರು ಹಾಕಿ ನೋಡಿದೆ. ಕಾಲು ವ್ಯಾಟಿನ ರೆಸಿಸ್ಟರು ಒಂದು ಸಂಜೆಯಲ್ಲಿ ಕಂದಿಹೋಯಿತು. ಲೆಕ್ಕ ಹಾಕಿದರೆ ಡಿಸಿಸಿ ಅಲೆ ಅದರಲ್ಲಿ ಅರ್ಧ ವ್ಯಾಟು ಸುಡುತ್ತದೆ. 2 ವ್ಯಾಟಿನದು ಹಾಕಿ. 9 ಮೀಟರಿಗೆ ಇದರಿಂದ ವ್ಯತ್ಯಾಸವೇನೂ ಕಾಣಲಿಲ್ಲ, ಆದರೂ ತೆಗೆಯದೆ ಹಾಗೇ ಬಿಟ್ಟಿದ್ದೇನೆ.

ಹಳಿ ವೋಲ್ಟೇಜನ್ನು ಮಲ್ಟಿಮೀಟರಿನ ಎಸಿ ರೇಂಜಿನಲ್ಲಿ ಅಳೆದು ಗಾಬರಿಯಾಗಬೇಡಿ, ಅದು 50 ಹರ್ಟ್ಸಿಗೆ ಮಾಡಿದ್ದು. ನಾಲ್ಕು 1ಎನ್5819 ಡಯೋಡಿನ ಬ್ರಿಡ್ಜು ಕಟ್ಟಿ ಡಿಸಿಯಲ್ಲಿ ಅಳೆದು, ಬಂದದ್ದಕ್ಕೆ ಅರ್ಧ ವೋಲ್ಟ್ ಸೇರಿಸಿ. ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನು ಮಾತ್ರ ಹಳಿಗೆ ಹಾಕಬೇಡಿ. ಸಪ್ಲೈಯ ಮೈನಸ್ಸು ಲ್ಯಾಪ್‌ಟಾಪಿನ ಯುಎಸ್‌ಬಿ ಮೂಲಕ ಅರ್ತಿಗೆ ಸೇರಿದ್ದರೆ ಐಬಿಟಿಯ ಬ್ರಿಡ್ಜೇ ಸುಟ್ಟುಹೋಗುತ್ತದೆ.

ಪಾಯಿಂಟಿಗೆ ಎಸ್‌ಜಿ90 ಸರ್ವೋ (ಹೇಳಿದಷ್ಟೇ ತಿರುಗುವ ಚಿಕ್ಕ ಮೋಟರು), ಎಂಟಕ್ಕೆ ಸಾವಿರದೊಳಗೆ, ಓಡಿಸಲು ಪಿಸಿಎ9685 ಬೋರ್ಡು. 0.8 ಮಿಲಿಮೀಟರಿನ ಸ್ಪ್ರಿಂಗ್ ತಂತಿ ಹಲಗೆ ತೂತಿನ ಮೂಲಕ ಬ್ಲೇಡನ್ನು (ಪಾಯಿಂಟಿನ ಅತ್ತಿತ್ತ ಸರಿಯುವ ಹಳಿ) ದೂಡುತ್ತದೆ. ಸರ್ವೋ ವೈರು ಬಸ್ಸಿನ ಪಕ್ಕದಲ್ಲೇ ಒಂದು ಮೀಟರ್ ಓಡಿದರೆ ಸರ್ವೋ ನಡುಗುತ್ತದೆ. ನಾಲ್ಕು ಬೆರಳು ದೂರ ಇಡಿ, ದಾಟುವಲ್ಲಿ ಅಡ್ಡಡ್ಡ ದಾಟಿಸಿ. ಇಲೆಕ್ಟ್ರೋಫ್ರಾಗಿನ (ಪಾಯಿಂಟಿನಲ್ಲಿ ಎರಡು ದಾರಿಯ ಹಳಿ ಕೂಡುವಲ್ಲಿನ ಲೋಹದ ತುಂಡು) ಪೊಲಾರಿಟಿ ಬದಲಿಸುವ ಮೈಕ್ರೋಸ್ವಿಚ್ಚು ಬ್ಲೇಡು ನಡುದಾರಿಯಲ್ಲಿರುವಾಗಲೇ ಟಿಕ್ ಅನ್ನಬೇಕು. ಬ್ಲೇಡು ಹಳೇ ಹಳಿ ಬಿಡುವ ಮೊದಲು ಸ್ವಿಚ್ ಬಿದ್ದರೆ ಪ್ರತಿ ಸಲವೂ ಬಲ್ಬು ಮಿನುಗುತ್ತದೆ.

ಯಾರ್ಡಿನ ಬಲೂನ್ ಲೂಪಿನಲ್ಲಿ ಗಾಡಿ ಸುತ್ತು ಹಾಕಿ ಬಂದ ದಾರಿಗೇ ಮರಳುತ್ತದೆ, ಅಲ್ಲಿ ಎರಡು ಹಳಿ ಅದಲುಬದಲಾಗಿ ಶಾರ್ಟಾಗುತ್ತದೆ. ಅದರ ಪೊಲಾರಿಟಿಯನ್ನು ರೆಡಿಮೇಡ್ ರಿವರ್ಸರ್ ಇಲ್ಲದೆ, ಸುಮಾರು 150 ರೂಪಾಯಿಯ ಸಾಮಾನಿನಲ್ಲಿ ತಿರುಗಿಸುತ್ತಿದ್ದೇನೆ. ರಿಲೇ ಒಂದು, ಸುರಂಗದೊಳಗೆ ಐಆರ್ ಸೆನ್ಸರ್ ಎರಡು ಅನ್ನುವಷ್ಟು ಹೇಳುತ್ತೇನೆ, ಸರ್ಕ್ಯೂಟು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಮ್ಮ ಕಡೆ ಕರೆಂಟು ಹೋಗಿ ಬರುವುದು ದಿನದ ಮಾತು. ಬರುವ ಕ್ಷಣದಲ್ಲಿ ಹಳಿಗೆ ಸರಿಯಾದ ಸಿಗ್ನಲ್ ಹುಟ್ಟುವ ಮೊದಲು ಬರೀ ಡಿಸಿ ಕಂಡರೆ ಡಿಕೋಡರು ಹಳೇ ಕಾಲದ ಲೇಔಟೆಂದು ತಿಳಿದು ಪೂರ್ತಿ ವೇಗದಲ್ಲಿ ಓಡಿಬಿಡುತ್ತದೆ. ಘಾಟಿಯ ಮೇಲಿನಿಂದ ಇಳಿಜಾರಿಗೆ ಹಾಗೆ ಓಡಿದ ಇಂಜಿನ್ನು ನೆಲ ಸೇರುತ್ತದೆ. ಪ್ರತಿ ಡಿಕೋಡರಿನ ಸಿವಿ 29ರಲ್ಲಿ (29ನೇ ಸೆಟ್ಟಿಂಗು) ಡಿಸಿಯಲ್ಲಿ ಓಡಲು ಬಿಡುವ 4ನ್ನು ಕಳೆಯಿರಿ: 6 ಇದ್ದರೆ 2, ಉದ್ದ ಅಡ್ರೆಸ್ಸಿನದು 38 ಇದ್ದರೆ 34. ಕೀಪ್-ಅಲೈವ್ ಕೆಪಾಸಿಟರು (ಹಳಿಯ ಕರೆಂಟು ಕ್ಷಣಕಾಲ ತಪ್ಪಿದರೂ ಓಡಿಸುವಂಥದ್ದು) ಹಾಕಿರುವ ಇಂಜಿನ್ನುಗಳಿದ್ದರೆ ಮೂರೂ ಬಸ್ಸಿಗೆ ಬೇರೆ ಬೇರೆ ಸ್ವಿಚ್ಚಿಟ್ಟು, ಒಂದಾದ ಮೇಲೊಂದು ಎರಡೆರಡು ಸೆಕೆಂಡ್ ಬಿಟ್ಟು ಹಾಕಿ. ಎಲ್ಲ ಕೆಪಾಸಿಟರೂ ಒಟ್ಟಿಗೆ ತುಂಬಲು ಹೊರಟರೆ ಯಾವ ಶಾರ್ಟೂ ಇಲ್ಲದೆ ಟ್ರಿಪ್ಪಾಗುತ್ತದೆ. ನನ್ನ ಕ್ರಮ: ಮೊದಲು ಯಾರ್ಡು, ಆಮೇಲೆ ಕೆಳಗಿನ ಸ್ಟೇಷನ್ನು, ಕೊನೆಗೆ ಘಾಟಿ.