ಚಿಲಕ ಒಳಗಡೆ ಇತ್ತು

"ಮೇಡಂ, ರಾತ್ರಿ ಹೊರಗಡೆಯಿಂದ ಬೀಗ ಹಾಕೋಕೆ ಯಾರಿಗಾದ್ರೂ ಹೇಳ್ತೀರಾ? ನಿದ್ದೆ ಬರ್ತಿಲ್ಲ."

ಮೈಸೂರಿನ ಜೈಲಿನಿಂದ ಹೊರಗೆ ಬಂದ ಆರನೇ ದಿನ ಅವರು ಕೇಳಿದ್ದು ಇದನ್ನು. ಅವರ ಕೌನ್ಸೆಲರ್ ನಾನು, ತಮಾಷೆ ಅಂದುಕೊಂಡು ನಕ್ಕುಬಿಟ್ಟೆ. ನೆನೆಸಿಕೊಂಡರೆ ಈಗಲೂ ನಾಚಿಕೆ.

ಐವತ್ತು ದಾಟಿದ ರೈತ. (ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ.) ಬದುವಿನ ಜಗಳದಲ್ಲಿ ದಾಯಾದಿಯನ್ನು ಕೊಂದು 2004ರಲ್ಲಿ ಒಳಗೆ ಹೋದವರು, 2021ರಲ್ಲಿ ಸನ್ನಡತೆ ಮೇಲೆ ಬಿಡುಗಡೆಯಾದರು. ಜೀವಾವಧಿ ಅಂದರೆ 14 ವರ್ಷ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಇಂಥ ಕೇಸಿನಲ್ಲಿ 14 ವರ್ಷಕ್ಕೆ ಮೊದಲು ಸರ್ಕಾರ ಬಿಡುವಂತಿಲ್ಲ, ಅಷ್ಟೇ. ಆಮೇಲೂ ಕಮಿಟಿ, ಫೈಲು, ಕಾಯೋದು.

ನಾನೂ ಎಲ್ಲರ ಹಾಗೆ ಆಧಾರ್, ಬ್ಯಾಂಕ್ ಖಾತೆ ಅಂತ ಓಡಾಡಿ, ಒಂದು ಬೇಕರಿಯಲ್ಲಿ ಕೆಲಸ ಕೊಡಿಸಿದೆ. ಹತ್ತೇ ದಿನಕ್ಕೆ ಬಿಟ್ಟರು. "ಸಂಜೆ ಆದ್ರೆ ಕೈಕಾಲೇ ಆಡಲ್ಲ ಮೇಡಂ." ತಲೆ ಎಣಿಸಿ ಬ್ಯಾರಕ್ಕಿಗೆ ಬೀಗ ಹಾಕುತ್ತಿದ್ದ ಹೊತ್ತು ಅದು.

ನಾನು ಮಾಡೋದಕ್ಕೆ ಅಸ್ತಿತ್ವವಾದಿ ಕೌನ್ಸೆಲಿಂಗ್ ಅಂತ ದೊಡ್ಡ ಹೆಸರು. ತನ್ನ ಆಯ್ಕೆ ತಾನೇ ಮಾಡಿ, ಅದರ ಹೊಣೆ ಹೊರೋಕೆ ಒಬ್ಬರ ಜೊತೆಗಿರೋದು, ಅಷ್ಟೇ. ಮನೋವೈದ್ಯ ಇರ್ವಿನ್ ಯಾಲೋಮ್ ಮನುಷ್ಯನನ್ನು ಕಾಡುವ ನಾಲ್ಕು ವಿಷಯ ಹೇಳುತ್ತಾರೆ: ಸಾವು, ಸ್ವಾತಂತ್ರ್ಯ, ಒಂಟಿತನ, ಅರ್ಥವಿಲ್ಲದಿರುವುದು. ಆ ಸಾಲಿನಲ್ಲಿ ಸ್ವಾತಂತ್ರ್ಯಕ್ಕೇನು ಕೆಲಸ ಅಂತ ಓದುವಾಗ ನನಗೆ ಹೊಳೆದಿರಲಿಲ್ಲ. ಬೀಗ ಕೇಳಿದಾಗ ಹೊಳೆಯಿತು.

ಕಾಫಿಯಿಂದ ಶುರು ಮಾಡಿದೆ.

"ಕಾಫಿನಾ, ಟೀನಾ ಅಣ್ಣ?"

"ನೀವ್ ಏನ್ ಕೊಟ್ರೂ ಸರಿ ಮೇಡಂ."

"ನಾನು ಕೊಡಲ್ಲ. ನೀವು ಹೇಳಿ."

ಸುಮ್ನೆ ಕೂತರು. ಮೊದಲ ಎರಡು ವಾರ ಏನನ್ನೂ ಕುಡಿಯಲೇ ಇಲ್ಲ. ಮೂರನೇ ವಾರ ತಲೆ ಎತ್ತದೆ "ಕಾಫಿ" ಅಂದರು. ಕುರ್ಚಿ ಯಾವುದು, ಕಿಟಕಿ ತೆಗೆಯಬೇಕಾ, ಮುಂದಿನ ಭೇಟಿ ಯಾವತ್ತು, ಎಲ್ಲಾ ಅವರಿಗೇ ಬಿಟ್ಟೆ. ನೋಡಿದವರಿಗೆ ಮಕ್ಕಳಾಟ ಅನ್ನಿಸುತ್ತೆ, ಅಲ್ವಾ?

ಕೊಲೆಯ ಮಾತು ಬಂದಾಗೆಲ್ಲ ಒಂದೇ ಉತ್ತರ: "ಹಣೆಬರಹ." ಅಲ್ಲಿ ಸಮಾಧಾನ ಹೇಳೋದು ಸುಲಭ. ಶಿಕ್ಷೆ ಮುಗಿಸಿದ್ದೀರಲ್ಲ, ಮರೆತುಬಿಡಿ ಅನ್ನಬಹುದಿತ್ತು. ನಾನು ಅನ್ನಲಿಲ್ಲ. ಒಂದು ದಿನ ಕೇಳಿದೆ: "ಅವತ್ತು ಮಚ್ಚು ಎತ್ತಿದ್ದು ಹಣೆಬರಹ. ಸರಿ. ಇವತ್ತು ಕಾಫಿ ಬೇಕು ಅಂದಿದ್ದು ಯಾರು ಅಣ್ಣ?"

ಲೋಟದ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತಾ ಕೂತರು. ಕಾಫಿ ಆರಿ ಕೆನೆ ಕಟ್ಟಿತು.

"ನಾನೇ."

ತುಂಬಾ ಹೊತ್ತಾದ ಮೇಲೆ, "ಅವತ್ತೂ ನಾನೇ."

ನಾನು ಬಾಯಿ ತೆರೆಯಲಿಲ್ಲ. ಆ ದಿನ ಒಂದು ಗಂಟೆ ಜಾಸ್ತಿಯೇ ಕೂತಿದ್ದೆವು.

ಇಷ್ಟಾಯ್ತಲ್ಲ ಅಂತ ಹುಮ್ಮಸ್ಸು ಬಂದು, ಊರಿಗೆ ಹೋಗಿಬನ್ನಿ ಅಂತ ಒತ್ತಾಯ ಮಾಡಿದೆ. ಸತ್ತವನ ಹೆಂಡತಿಯ ಮನೆ ಅದೇ ಬೀದಿಯಲ್ಲಿ. ಬಸ್ ಇಳಿದವರು ಅಲ್ಲೇ ನಿಂತು, ಮುಂದಿನ ಬಸ್ಸಿಗೆ ವಾಪಸ್ ಬಂದರು. ಎರಡು ತಿಂಗಳು ನನ್ನ ಕಡೆ ಸುಳಿಯಲಿಲ್ಲ. ಅವರ ಪರವಾಗಿ ನಾನೇ ತೀರ್ಮಾನ ಮಾಡಿದ್ದೆ, ಜೈಲಿನವರ ಹಾಗೆ.

ಈಗ ಒಂದು ನರ್ಸರಿಯಲ್ಲಿ ಗಿಡಗಳಿಗೆ ನೀರು ಹಾಕುತ್ತಾರೆ. ಚಿಲಕ ಅವರೇ ಹಾಕಿಕೊಳ್ಳುತ್ತಾರೆ, ಆದರೆ ದೀಪ ಆರಿಸುವುದಿಲ್ಲವಂತೆ. ಊರಿಗೆ ಇನ್ನೂ ಹೋಗಿಲ್ಲ. ನಾನೂ ಕೇಳುವುದು ಬಿಟ್ಟಿದ್ದೇನೆ. ಹೋದ ಸಲ ಬಂದಾಗ ಒಂದು ಗುಟುಕು ಕುಡಿದು, "ಸಕ್ಕರೆ ಜಾಸ್ತಿ ಆಯ್ತು, ಬೇರೆ ಮಾಡ್ಸಿ" ಅಂತ ಲೋಟ ನನ್ನ ಕಡೆ ತಳ್ಳಿದರು.