ಹಳೆ ಸ್ಟುಡಿಯೊ ಕ್ಯಾಮೆರಾದ ಫೋಕಸ್ ಜಾರುತ್ತಿದೆಯೇ? ಎಣ್ಣೆ ಬಿಡುವ ಮುನ್ನ ಓದಿ

ಸ್ಟುಡಿಯೊದ ಅಟ್ಟದಿಂದ ಹಾಫ್ ಪ್ಲೇಟ್ ಎಂಬ ಅಳತೆಯ ಮರದ ಕ್ಯಾಮೆರಾ ಕೆಳಗಿಳಿಸಿದವರು ಮೊದಲು ಮಾಡುವ ಕೆಲಸ ಫೋಕಸ್ ತಿರುಗಣೆಗೆ ಎಣ್ಣೆ ಬಿಡುವುದು. ಅರ್ಧ ಕೆಟ್ಟಿದ್ದು ಅಲ್ಲಿಗೆ ಪೂರ್ತಿ ಕೆಡುತ್ತದೆ. ಎಣ್ಣೆ ಕುಡಿದ ಮರಕ್ಕೆ ಮುಂದೆ ಅಂಟು ಹಿಡಿಯುವುದಿಲ್ಲ. ಹಲ್ಲಿನ ಸಂದಿಯಲ್ಲಿ ಉಳಿದ ಎಣ್ಣೆಗೆ ವಿಜಯಪುರ, ಬಾಗಲಕೋಟೆಯ ಬೇಸಿಗೆ ಧೂಳು ಕೂತರೆ ಅದೇ ಹಿತ್ತಾಳೆಯನ್ನು ಅರೆಯತೊಡಗುತ್ತದೆ.

ಆಲಪ್ಪುಳದ ವಾಗೀಶ್ವರಿ ಇರಲಿ, ಇಂಗ್ಲೆಂಡಿನ ಥಾರ್ನ್‌ಟನ್ ಪಿಕಾರ್ಡ್ ಇರಲಿ, ಇಂಥ ಮರದ ಕ್ಯಾಮೆರಾಗಳ ಏರ್ಪಾಡು ಹೆಚ್ಚುಕಡಿಮೆ ಒಂದೇ. ತಳದ ಹಲಗೆಯ ತೋಡಿನಲ್ಲಿ ಜಾರುವ ಚೌಕಟ್ಟು, ಅದರ ಎರಡೂ ಬದಿಗೆ ಹಿತ್ತಾಳೆಯ ಹಲ್ಲುಪಟ್ಟಿ, ಅಡ್ಡಕ್ಕೆ ಒಂದು ಸರಳು, ಸರಳಿನ ಮೇಲೆ ಎರಡು ಪಿನಿಯನ್ (ಸಣ್ಣ ಹಲ್ಲುಗಾಲಿ), ಹೊರಗೆ ತಿರುಗಣೆ, ಪಕ್ಕದಲ್ಲಿ ಬಿಗಿ ಮಾಡುವ ನಟ್. ಎರಡೂ ಪಟ್ಟಿ ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ರಿಪೇರಿ ಮಾಡಿದವರ ಕೈಯಲ್ಲಿ ಹೆಚ್ಚಾಗಿ ತಪ್ಪುವುದು ಇದೇ.

ಬಿಚ್ಚುವ ಮುನ್ನ

ಲೆನ್ಸ್ ಹಾಕಿ, ಗೋಡೆಗೆ ಅಂಟಿಸಿದ ಪತ್ರಿಕೆಯ ಹಾಳೆಗೆ ಕ್ಯಾಮೆರಾ ನೇರ ನಿಲ್ಲಿಸಿ, ಹಿಂಬದಿಯಲ್ಲಿ ಚಿತ್ರ ಮೂಡುವ ಮಸುಕು ಗಾಜನ್ನು ಭೂತಗನ್ನಡಿಯಲ್ಲಿ ನೋಡಿ. ಎಡಭಾಗದ ಅಕ್ಷರ ಸ್ಪಷ್ಟವಿದ್ದು ಬಲಭಾಗ ಮಸುಕಾಗಿದ್ದರೆ ಪಟ್ಟಿಗಳು ಹೆಜ್ಜೆ ತಪ್ಪಿವೆ ಎಂದು ಅನುಮಾನಿಸಿ. ನಂತರ ತಿರುಗಣೆಯನ್ನು ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸಿ. ಉದ್ದಕ್ಕೂ ಬಿಗಿ ಎನಿಸಿದರೆ ಹಳೆ ಗ್ರೀಸ್ ಗಟ್ಟಿಯಾಗಿದೆ, ಇಲ್ಲವೇ ಮರ ಉಬ್ಬಿದೆ. ನಡುವೆ ಒಂದೇ ಕಡೆ ಜಾರಿದರೆ ಹಲ್ಲು ಸವೆದಿವೆ. ಸ್ಟುಡಿಯೊದಲ್ಲಿ ಕುರ್ಚಿಯೂ ಕ್ಯಾಮೆರಾವೂ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಇರುತ್ತಿದ್ದವು, ಹಾಗಾಗಿ ಅದೇ ನಾಲ್ಕಾರು ಹಲ್ಲು ದುಡಿದಿರುತ್ತವೆ.

ಬೆಳಗಾವಿಯವರಿಗೆ ಒಂದು ಮಾತು: ಜುಲೈ, ಆಗಸ್ಟಿನಲ್ಲಿ ಬಿಗಿಯಾದ ಚೌಕಟ್ಟಿಗೆ ಉಜ್ಜುಗೊರಡು ಹಚ್ಚಬೇಡಿ, ಮರಳು ಕಾಗದವನ್ನೂ ಹಚ್ಚಬೇಡಿ. ಮಳೆಯ ತೇವಕ್ಕೆ ಮರ ಉಬ್ಬಿರುತ್ತದೆ. ಆಗ ಸವರಿದ್ದು ಮಾರ್ಚ್‌ನಲ್ಲಿ ಗಡಗಡ ಅಲುಗಾಡುತ್ತದೆ, ಮತ್ತೆ ಸೇರಿಸಲು ಬರುವುದಿಲ್ಲ. ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಒಂದು ವಾರ ಇಟ್ಟು ನೋಡಿ. ಬಿಸಿಲಿಗೆ ಮಾತ್ರ ಇಡಬೇಡಿ, ಹಲಗೆ ಬಾಗುತ್ತದೆ.

ಬಿಚ್ಚುವುದು

ಲೆನ್ಸ್ ತೆಗೆದು ಬೆಲ್ಲೋಸ್ (ನೆರಿಗೆಯ ಚೀಲ) ಮಡಚಿ, ಬಟ್ಟೆಪಟ್ಟಿಯಿಂದ ಕಟ್ಟಿ. ಎರಡೂ ಪಟ್ಟಿಯಲ್ಲಿ ಪಿನಿಯನ್ ಕಚ್ಚಿರುವ ಹಲ್ಲಿಗೆ ಪೆನ್ಸಿಲ್ ಗುರುತು ಹಾಕಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಚೌಕಟ್ಟು ಪೂರ್ತಿ ಹೊರಬರದಂತೆ ತಡೆಯುವ ಸಣ್ಣ ಸ್ಕ್ರೂ ಒಂದಿರುತ್ತದೆ. ಅದನ್ನು ತೆಗೆದು ಚೌಕಟ್ಟನ್ನು ಮುಂದಕ್ಕೆ ಓಡಿಸಿದರೆ ಬಿಡಿಯಾಗುತ್ತದೆ.

ಸ್ಕ್ರೂಡ್ರೈವರಿನ ಬಾಯಿ ಸ್ಕ್ರೂ ಸೀಳಿನ ಉದ್ದ, ದಪ್ಪ ಎರಡನ್ನೂ ತುಂಬಬೇಕು. ತುಂಬದಿದ್ದರೆ ಕಾನಸಿನಿಂದ ತಿಕ್ಕಿ ಸರಿಮಾಡಿಕೊಳ್ಳಿ. ಹಿತ್ತಾಳೆ ಮೆತ್ತಗಿನ ಲೋಹ, ಒಮ್ಮೆ ಸೀಳು ಹರಿದರೆ ಡ್ರಿಲ್ ಹಾಕಿ ತೆಗೆಯುವುದೊಂದೇ ದಾರಿ. ಹಟ ಹಿಡಿದ ಸ್ಕ್ರೂ ತಲೆಗೆ ಬಿಸಿ ಸೋಲ್ಡರಿಂಗ್ ಐರನ್ ತುದಿಯನ್ನು ಒಂದು ನಿಮಿಷ ಒತ್ತಿ ಹಿಡಿದು, ಆರಿದ ಮೇಲೆ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ತೆಗೆದ ಸ್ಕ್ರೂಗಳನ್ನು ರಟ್ಟಿನ ಮೇಲೆ ಕ್ಯಾಮೆರಾದ ಚಿತ್ರ ಬರೆದು ಅದೇ ಜಾಗದಲ್ಲಿ ಚುಚ್ಚಿಡಿ. ಕಳೆದುಹೋದರೆ ಹಿತ್ತಾಳೆಯದನ್ನೇ ಹುಡುಕಿ. ಕಬ್ಬಿಣದ್ದು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.

ಹಲ್ಲುಪಟ್ಟಿ, ಪಿನಿಯನ್‌ಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆ ಟೂತ್‌ಬ್ರಷ್‌ನಿಂದ ತಿಕ್ಕಿ ಒಣಗಿಸಿ. ಹುಣಸೆಹಣ್ಣು ಬೇಡ. ತಂಬಿಗೆ ಬೆಳಗಲು ಅದು ಸರಿ, ಹಲ್ಲಿನ ಬುಡದಲ್ಲಿ ಹುಳಿ ಉಳಿದರೆ ಹಸಿರು ಕಿಲುಬು ಏಳುತ್ತದೆ. ಪಾಲಿಶ್ ಪೇಸ್ಟ್ ಕೂಡ ಬೇಡ, ಅದರ ಬಿಳಿ ಪುಡಿ ಸಂದಿಯಲ್ಲಿ ಕೂತು ಮರಳಿನಂತೆ ಕೆಲಸ ಮಾಡುತ್ತದೆ. ಸ್ಪಿರಿಟ್ ಮರದ ಹತ್ತಿರ ಸುಳಿಯಲೇಬಾರದು, ಹಳೆ ಫ್ರೆಂಚ್ ಪಾಲಿಶ್ ಅರಗಿನದು, ಸ್ಪಿರಿಟ್ ತಾಗಿದಲ್ಲಿ ಕರಗಿ ಬರುತ್ತದೆ.

ಸ್ಕ್ರೂ ತೂತು ಸಡಿಲಾಗಿದ್ದರೆ ಸಾಗವಾನಿಯ ತೆಳು ಚೂರಿಗೆ ಫೆವಿಕಾಲ್ ಹಚ್ಚಿ ತುಂಬಿ, ಒಂದು ದಿನ ಬಿಟ್ಟು ಹೊಸದಾಗಿ ಸಣ್ಣ ತೂತು ಕೊರೆಯಿರಿ. ಬೆಂಕಿಕಡ್ಡಿ ತುರುಕುವ ರೂಢಿ ಇದೆ. ಆ ಮರ ಮೆತ್ತಗೆ, ಬಾಳಿಕೆ ಬರುವುದಿಲ್ಲ.

ಸವೆದ ಹಲ್ಲು

ಒಂದೇ ಕಡೆಯ ಕೆಲವು ಹಲ್ಲಷ್ಟೇ ಸವೆದಿದ್ದರೆ ಹೊಸ ಪಟ್ಟಿ ಬೇಕಿಲ್ಲ. ಸ್ಕ್ರೂ ತೂತುಗಳು ಹೊಂದಿದರೆ ಎರಡೂ ಪಟ್ಟಿಯನ್ನು ಹಿಂದುಮುಂದು ಮಾಡಿ ಕೂರಿಸಿ. ಸವೆತ ನಟ್ಟನಡುವೆ ಇಲ್ಲದಿದ್ದರೆ ಸವೆಯದ ಭಾಗ ದುಡಿಯುವ ಜಾಗಕ್ಕೆ ಬರುತ್ತದೆ. ಪಿನಿಯನ್ನೇ ಸವೆದಿದ್ದರೆ ಬೆಳಗಾವಿಯ ಉದ್ಯಮಬಾಗದಲ್ಲಿ ಗೇರ್ ಕಡಿಯುವ ವರ್ಕ್‌ಶಾಪಿಗೆ ಹಳೆಯ ಪಿನಿಯನ್ ಜೊತೆ ಹಲ್ಲುಪಟ್ಟಿಯನ್ನೂ ಒಯ್ಯಿರಿ. ಹೊರವ್ಯಾಸವನ್ನು ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ ಭಾಗಿಸಿದರೆ ಮಾಡ್ಯೂಲ್ (ಮಿ.ಮೀ. ಲೆಕ್ಕದಲ್ಲಿ ಹಲ್ಲಿನ ಗಾತ್ರದ ಅಳತೆ) ಸಿಗುತ್ತದೆ: 12 ಹಲ್ಲು, ಹೊರವ್ಯಾಸ 11.2 ಮಿ.ಮೀ. ಆದರೆ 0.8. ಇಂಗ್ಲೆಂಡಿನ ಮಾಲು ಇಂಚಿನ ಲೆಕ್ಕದ್ದು ಇರಬಹುದು. ಅದೇ 12 ಹಲ್ಲಿನ, 32 ಡಿಪಿ (ಇಂಚಿನ ಲೆಕ್ಕದಲ್ಲಿ ಹಲ್ಲಿನ ಗಾತ್ರದ ಅಳತೆ) ಪಿನಿಯನ್ನಿನ ಹೊರವ್ಯಾಸ 11.11 ಮಿ.ಮೀ. ಬರುತ್ತದೆ. ಅಷ್ಟು ಸಣ್ಣ ವ್ಯತ್ಯಾಸ ಸವೆದ ಪಿನಿಯನ್‌ನಲ್ಲಿ ಗೊತ್ತಾಗದು, ಆದ್ದರಿಂದ ಪಟ್ಟಿಯ 20 ಹಲ್ಲಿನ ಉದ್ದ ಅಳೆಯಿರಿ: 50.3 ಮಿ.ಮೀ. ಬಂದರೆ ಮಾಡ್ಯೂಲ್, 49.9 ಬಂದರೆ ಇಂಚಿನ ಲೆಕ್ಕದ್ದು.

ಎರಡೂ ಪಟ್ಟಿ ಒಂದೇ ಹೆಜ್ಜೆಗೆ

ಇಲ್ಲಿ ಅವಸರ ಮಾಡಬೇಡಿ. ಮೊದಲು ಪಿನಿಯನ್ ಇಲ್ಲದೆ ಬರೀ ಚೌಕಟ್ಟನ್ನು ತೋಡಿನಲ್ಲಿ ಕೈಯಿಂದ ಜಾರಿಸಿ ನೋಡಿ. ಕೈಗೆ ಬಿಗಿಯಾದದ್ದು ಪಿನಿಯನ್‌ಗೂ ಬಿಗಿಯೇ. ಜಾರುವ ಅಂಚಿಗೆ ಬಣ್ಣವಿಲ್ಲದ ಮೇಣದಬತ್ತಿ ಉಜ್ಜಿ, ಬಟ್ಟೆಯಿಂದ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಬೆಳಗಾವಿಯ ಚಳಿಗೆ ಅದು ಹೆಪ್ಪುಗಟ್ಟುತ್ತದೆ. ಶೇಂಗಾ ಎಣ್ಣೆ ಕಾಲ ಕಳೆದಂತೆ ಅಂಟಂಟಾಗುತ್ತದೆ. ಡಬ್ಬಿಯಲ್ಲಿ ಬರುವ ತುಕ್ಕು ಬಿಡಿಸುವ ಸ್ಪ್ರೇ ಬೆಲ್ಲೋಸ್‌ವರೆಗೂ ಹರಡಿ ಅದನ್ನೂ ಕೆಡಿಸುತ್ತದೆ.

ಸರಳನ್ನು ಸಪಾಟು ಮೇಜಿನ ಮೇಲಿಟ್ಟು, ಒಂದು ಪಿನಿಯನ್ನಿನ ಹಲ್ಲಿನಿಂದ ಇನ್ನೊಂದರ ಹಲ್ಲಿಗೆ ಉಕ್ಕಿನ ಸ್ಕೇಲ್ ಹಿಡಿಯಿರಿ. ಎರಡೂ ನೇರ ಒಂದೇ ಗೆರೆಯಲ್ಲಿರಬೇಕು. ಹಿಂದೆ ಯಾರೋ ಪಿನಿಯನ್ ಬಿಚ್ಚಿ ಬೆಸೆದಿದ್ದರೆ ತಪ್ಪಿರುತ್ತದೆ. ಆಗ ಹಲ್ಲು ಬದಲಿಸಿ ಎಷ್ಟು ಸಲ ಹಾಕಿದರೂ ಪ್ರಯೋಜನವಿಲ್ಲ, ಒಂದು ಪಿನಿಯನ್ ಬಿಡಿಸಿ ಮತ್ತೆ ಕೂರಿಸಬೇಕು.

ಇನ್ನು ಸರಳನ್ನು ಬೇರಿಂಗ್ ತಗಡಿನಲ್ಲಿ (ಸರಳು ತಿರುಗುವಂತೆ ಹಿಡಿದಿಡುವ ತಗಡು) ಇಟ್ಟು ಅದರ ಸ್ಕ್ರೂ ಅರ್ಧ ಸುತ್ತು ಸಡಿಲ ಬಿಡಿ. ಚೌಕಟ್ಟನ್ನು ಎರಡೂ ಕೈಯಿಂದ ಸಮ ಒತ್ತಿ, ಗುರುತು ಹಾಕಿದ ಹಲ್ಲುಗಳು ಎರಡೂ ಬದಿ ಒಟ್ಟಿಗೆ ಕಚ್ಚುವಂತೆ ತಿರುಗಣೆ ತಿರುಗಿಸಿ. ಐದಾರು ಹಲ್ಲು ಒಳಹೋದ ಮೇಲೆ ನಿಲ್ಲಿಸಿ, ಚೌಕಟ್ಟಿನ ಮುಂಗಡೆಯಿಂದ ತಳದ ಹಲಗೆಯ ಅಂಚಿಗೆ ಎಡ, ಬಲ ಎರಡೂ ಕಡೆ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಹಲ್ಲಿನ ಅಂತರ ಸುಮಾರು 2.5 ಮಿ.ಮೀ. ಇದ್ದು ಅಳತೆಯಲ್ಲಿ ಅಷ್ಟೇ ವ್ಯತ್ಯಾಸ ಬಂದರೆ ಒಂದು ಹಲ್ಲು ತಪ್ಪಿದೆ, ಹೊರತೆಗೆದು ಮತ್ತೆ ಹಾಕಿ. ವ್ಯತ್ಯಾಸ ಒಂದು ಮಿ.ಮೀ. ಆಸುಪಾಸು ಇದ್ದರೆ ಹಲ್ಲು ತಪ್ಪಿಲ್ಲ, ಒಂದು ಪಟ್ಟಿಯೇ ಜಾಗ ಬಿಟ್ಟು ಕೂತಿದೆ: ಅದರ ತೂತುಗಳನ್ನು ತುಂಬಿ ಹೊಸದಾಗಿ ಕೊರೆಯಬೇಕು. ಬಲವಂತದಿಂದ ತಿರುಗಿಸಿ "ಹೊಂದಿಕೊಳ್ಳುತ್ತದೆ" ಎನ್ನುವುದು ಬೇಡ. ಹೊಂದಿಕೊಳ್ಳುವುದಿಲ್ಲ, ಹಲ್ಲು ಮುರಿಯುತ್ತದೆ. ಎಡ, ಬಲದ ವ್ಯತ್ಯಾಸ ಅರ್ಧ ಮಿ.ಮೀ. ಒಳಗೆ ಬಂದರೆ ಸಾಕು.

ಕೊನೆಗೆ ಹಲ್ಲು ಎಷ್ಟು ಆಳ ಕಚ್ಚಬೇಕು ಎನ್ನುವುದು. ಪತ್ರಿಕೆಯ ಕಾಗದದಿಂದ ಒಂದು ಬೆರಳಗಲದ ಪಟ್ಟಿ ಕತ್ತರಿಸಿ ಪಿನಿಯನ್ ಮತ್ತು ಹಲ್ಲುಪಟ್ಟಿಯ ನಡುವೆ ಸಿಕ್ಕಿಸಿ, ಬೇರಿಂಗ್ ತಗಡನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ತಿರುಗಣೆ ತಿರುಗಿಸಿ ಕಾಗದ ಹೊರಗೆ ಬಿಡಿಸಿ. ಸೀರೆಯ ನೆರಿಗೆಯಂತೆ ಸಮಾನ ಗೆರೆ ಬಿದ್ದು ಕಾಗದ ಹರಿಯದೆ ಬಂದರೆ ಹದವಾಗಿದೆ. ಗೆರೆಯಲ್ಲಿ ಕತ್ತರಿಸಿದಂತೆ ತೂತಾದರೆ ಬಿಗಿ. ಗೆರೆಯೇ ಮೂಡದಿದ್ದರೆ ಸಡಿಲ, ತಂಪು ಪಾನೀಯದ ಡಬ್ಬಿಯ ತಗಡು ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ, ಅದರ ಚೂರನ್ನು ಹಲ್ಲುಪಟ್ಟಿಯ ಅಡಿಗೆ ಪೂರ್ತಿ ಉದ್ದಕ್ಕೂ ಇಡಿ. ನಡುವೆ ಮಾತ್ರ ಇಟ್ಟರೆ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ. ಎರಡೂ ಬದಿ ಇದೇ ಪರೀಕ್ಷೆ. ಬೇರಿಂಗಿಗೆ ಅಕ್ಕಿಕಾಳಿನಷ್ಟು ಲಿಥಿಯಂ ಗ್ರೀಸ್ ಸಾಕು. ಹಲ್ಲಿಗೆ ಏನೂ ಬೇಡ.

ಗಾಜು ಮತ್ತು ಫಿಲ್ಮ್

ಮಸುಕು ಗಾಜಿನ ಒರಟು ಮೈ ಲೆನ್ಸ್ ಕಡೆಗಿರಬೇಕು. ತಿರುಗಿಸಿ ಹಾಕಿದರೆ 2 ಮಿ.ಮೀ. ಗಾಜಿಗೆ ಸುಮಾರು 1.3 ಮಿ.ಮೀ. ಫೋಕಸ್ ತಪ್ಪುತ್ತದೆ. ಎಷ್ಟೋ ಜನ ಇದನ್ನೇ ಪಿನಿಯನ್ ದೋಷ ಎಂದು ತಿಳಿಯುತ್ತಾರೆ.

ಹೋಲ್ಡರಿನಲ್ಲಿ (ಫಿಲ್ಮ್ ತುಂಬಿ ಕ್ಯಾಮೆರಾಗೆ ಹಾಕುವ ಚಪ್ಪಟೆ ಪೆಟ್ಟಿಗೆ) ನಿಜವಾದ ಫಿಲ್ಮ್ ಹಾಕಿ ಅದರ ಅಂಚಿನಿಂದ ಫಿಲ್ಮ್ ಮೈವರೆಗಿನ ಆಳವನ್ನು ವರ್ನಿಯರ್ ಬಾಲದಿಂದ ಅಳೆಯಿರಿ. ಗಾಜು ಕೂರುವ ಚೌಕಟ್ಟಿನಲ್ಲಿ ಒರಟು ಮೈವರೆಗಿನ ಆಳ ಅಷ್ಟೇ ಬರಬೇಕು. 4×5 ಇಂಚಿನ ಹೋಲ್ಡರಿಗೆ ಇದು ಸುಮಾರು 4.8 ಮಿ.ಮೀ. ಹಾಫ್ ಪ್ಲೇಟ್ ಹೋಲ್ಡರುಗಳ ಆಳಕ್ಕೆ ಒಂದು ಅಳತೆ ಹಿಡಿಯಲಾಗದು, ನಿಮ್ಮಲ್ಲಿರುವ ಪ್ರತಿಯೊಂದನ್ನೂ ಅಳೆದು ಬೇರೆ ಬಂದದ್ದಕ್ಕೆ ಗುರುತು ಹಾಕಿ ಬದಿಗಿಡಿ.

ಪರೀಕ್ಷೆಗೆ ದುಬಾರಿ ಫಿಲ್ಮ್ ಬೇಡ, ಗ್ರೀನ್ ಸೆನ್ಸಿಟಿವ್ ಎಕ್ಸ್-ರೇ ಫಿಲ್ಮನ್ನು ಕೆಂಪು ದೀಪದಲ್ಲಿ ಅಳತೆಗೆ ಕತ್ತರಿಸಿ ಹಾಕಿ. ಉದ್ದನೆ ಸ್ಕೇಲನ್ನು ಕ್ಯಾಮೆರಾದಿಂದ ದೂರಕ್ಕೆ ಓರೆಯಾಗಿ ಇಟ್ಟು ನಡುವಿನ ಅಂಕಿಗೆ ಲೆನ್ಸಿನ ದ್ವಾರ ಪೂರ್ತಿ ತೆರೆದು ಫೋಕಸ್ ಮಾಡಿ, ನಟ್ ಬಿಗಿದು ಒಂದು ಚಿತ್ರ ತೆಗೆಯಿರಿ. ನೆಗೆಟಿವ್‌ನಲ್ಲಿ ನೀವು ಹಿಡಿದದ್ದಕ್ಕಿಂತ ಹತ್ತಿರದ ಅಂಕಿ ಸ್ಪಷ್ಟವಿದ್ದರೆ ಗಾಜು ಲೆನ್ಸಿಗೆ ಹೆಚ್ಚು ಸಮೀಪವಿದೆ, ಗಾಜಿನ ಕೆಳಗೆ ನಾಲ್ಕೂ ಮೂಲೆಗೆ ಒಂದೇ ದಪ್ಪದ ಕಾಗದ ಇಟ್ಟು ಹಿಂದಕ್ಕೆ ತನ್ನಿ. ದೂರದ ಅಂಕಿ ಸ್ಪಷ್ಟವಿದ್ದರೆ ಗಾಜು ಹಿಂದೆ ಸರಿದಿದೆ. ಹಳೆ ಕಾಗದ, ಅಂಟು ಒಳಗಿದ್ದರೆ ಅದನ್ನು ತೆಗೆದೇ ಮುಂದಕ್ಕೆ ತನ್ನಿ, ಮರ ಕೆತ್ತುವ ಮಾತು ಕೊನೆಗೆ. ಪ್ರತಿ ಬದಲಾವಣೆಗೂ ಒಂದು ಫಿಲ್ಮ್ ಹಾಕಿ ನೋಡಿ.