ರಾಜಕಾಲುವೆಗೊಂದು ಡಿಜಿಟಲ್ ಅವಳಿ: ಸಂಶೋಧನಾ ಅನುದಾನಕ್ಕೆ ಪ್ರಸ್ತಾವ ಬರೆಯುವುದು ಹೇಗೆ?

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಐ.ಟಿ. ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ಚಿತ್ರ ಎಲ್ಲರಿಗೂ ನೆನಪಿದೆ. ಅದೇ ದಿನಗಳಲ್ಲಿ, ನಗರದಿಂದ ಸುಮಾರು ನೂರು ಕಿಲೋಮೀಟರ್ ದೂರದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಪಂಪ್‌ಹೌಸ್‌ಗೆ ನೀರು ನುಗ್ಗಿ, ಬೆಂಗಳೂರಿನ ಅನೇಕ ಬಡಾವಣೆಗಳಿಗೆ ಕುಡಿಯುವ ನೀರು ನಿಂತುಹೋದದ್ದು ಅಷ್ಟಾಗಿ ನೆನಪಿಲ್ಲ. ಬೀದಿಯಲ್ಲಿ ಮೊಣಕಾಲುದ್ದ ನೀರು, ನಲ್ಲಿಯಲ್ಲಿ ಹನಿಯೂ ಇಲ್ಲ. ಹವಾಮಾನ ಸಂಬಂಧಿ ಭದ್ರತೆ ಎಂಬ ಭಾರವಾದ ಮಾತಿನ ಅರ್ಥ ಇಷ್ಟೇ: ಒಂದು ಕಡೆಯ ಮಳೆಗೆ ಇನ್ನೊಂದು ಕಡೆಯ ನೀರು, ವಿದ್ಯುತ್, ಆಸ್ಪತ್ರೆ ಮುಗ್ಗರಿಸದಂತೆ ನೋಡಿಕೊಳ್ಳುವುದು.

ಇಂಥ ಸರಣಿ ಅವಘಡಗಳನ್ನು ಮುಂಚಿತವಾಗಿ ಕಂಡುಕೊಳ್ಳಲು ಈಗ ಎಲ್ಲೆಡೆ ಡಿಜಿಟಲ್ ಟ್ವಿನ್, ಅಂದರೆ ಡಿಜಿಟಲ್ ಅವಳಿಯ ಮಾತು ಕೇಳಿಬರುತ್ತಿದೆ. ಕೆರೆ, ಕಾಲುವೆ, ರಸ್ತೆಗಳ ಗಣಕ ಮಾದರಿಯೊಂದನ್ನು ಕಟ್ಟಿ, ಸೆನ್ಸರ್‌ಗಳಿಂದ ಬರುವ ಅಳತೆಗಳನ್ನು ಅದಕ್ಕೆ ಬಿಡದೆ ಉಣಿಸುತ್ತಿದ್ದರೆ ಅದು ಅವಳಿ; ಉಣಿಸುವುದು ನಿಂತರೆ ಅದು ಬರೀ ನಕ್ಷೆ. ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರೊಬ್ಬರು ಇದಕ್ಕೆ ಸಂಶೋಧನಾ ಅನುದಾನ ಕೇಳಲು ಹೊರಟರೆ ಏನೇನು ಮಾಡಬೇಕು ಎಂಬುದನ್ನು, ಬೆಳ್ಳಂದೂರು ಕೆರೆಗೆ ನೀರು ಹರಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಮೊದಲು ಬರೆಯಬೇಕಾದದ್ದು ಒಂದೇ ವಾಕ್ಯ: ಯಾರು, ಎಷ್ಟು ಹೊತ್ತಿಗೆ, ಯಾವ ತೀರ್ಮಾನ ತೆಗೆದುಕೊಳ್ಳಲು ಈ ಅವಳಿ ನೆರವಾಗುತ್ತದೆ? ‘ಬೆಂಗಳೂರಿನ ಪ್ರವಾಹವನ್ನು ಅರಿಯುವುದು’ ಎಂಬುದು ಉತ್ತರವಲ್ಲ. ‘ರಾತ್ರಿ ಎರಡು ಗಂಟೆಗೆ ಕೆರೆ ಕೋಡಿ ಬೀಳುವ ಮುನ್ನ ಯಾವ ಅಂಡರ್‌ಪಾಸ್ ಮುಚ್ಚಬೇಕು, ಯಾವ ಆಸ್ಪತ್ರೆಯ ನೆಲಮಾಳಿಗೆಯಿಂದ ಜನರೇಟರ್ ಮೇಲೆತ್ತಿಸಬೇಕು ಎಂಬುದನ್ನು ಪಾಲಿಕೆಯ ಎಂಜಿನಿಯರ್ ನಿರ್ಧರಿಸುವುದು’ ಎಂದರೆ ಉತ್ತರ. ಮುಂಬೈಗಾಗಿ 2020ರ ಜೂನ್‌ನಲ್ಲಿ ಆರಂಭವಾದ ಐಫ್ಲೋಸ್ ಎಂಬ ಪ್ರವಾಹ ಮುನ್ನೆಚ್ಚರಿಕೆ ವ್ಯವಸ್ಥೆಯಲ್ಲಿ ಏಳು ಘಟಕಗಳಿದ್ದು, ನೀರಿನ ಲೆಕ್ಕಾಚಾರ ಅವುಗಳಲ್ಲಿ ಒಂದು ಭಾಗ ಮಾತ್ರ. ಯಾರಿಗೆ ಅಪಾಯ, ಸುದ್ದಿ ಹೇಗೆ ಮುಟ್ಟಬೇಕು, ತೀರ್ಮಾನ ಹೇಗೆ ಆಗಬೇಕು ಎಂಬವಕ್ಕೂ ಅಲ್ಲಿ ಪ್ರತ್ಯೇಕ ಘಟಕಗಳಿವೆ. ಐರೋಪ್ಯ ಒಕ್ಕೂಟವು ಇಡೀ ಭೂಮಿಗೇ ಅವಳಿ ಕಟ್ಟಲು ಹಣ ಹೂಡಿರುವ ಡೆಸ್ಟಿನೇಷನ್ ಅರ್ಥ್ ಯೋಜನೆ ಕೂಡ 2024ರ ಜೂನ್‌ನಲ್ಲಿ ಚಾಲನೆಗೊಂಡಾಗ ಎರಡೇ ಅವಳಿಗಳನ್ನು ಮುಂದಿಟ್ಟಿತು: ಒಂದು ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ದೀರ್ಘಾವಧಿಯ ತೀರ್ಮಾನಗಳಿಗೆ, ಇನ್ನೊಂದು ವಿಪರೀತ ಹವೆಯ ತುರ್ತು ತೀರ್ಮಾನಗಳಿಗೆ. ಅಷ್ಟು ಹಣವಿದ್ದವರೇ ಪ್ರಶ್ನೆಯನ್ನು ಸೀಳಿಕೊಂಡಿದ್ದಾರೆ.

ಎರಡನೆಯದು, ಈಗಾಗಲೇ ಏನಿದೆ ಎಂಬುದರ ಪಟ್ಟಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿ, ಇಂದು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳ ಜಾಲ ಹೊಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯೊಂದಿಗೆ ಸೇರಿ ಬೆಂಗಳೂರಿಗೆ ಪ್ರವಾಹ ಮಾದರಿಯನ್ನೂ ರೂಪಿಸಿದೆ. ಮಳೆ, ಪ್ರವಾಹದ ಮಾಹಿತಿ ಕೊಡುವ ‘ಮೇಘ ಸಂದೇಶ’ ಆಪ್ ಕೂಡ ಬಂದಿದೆ. ಪ್ರಸ್ತಾವವನ್ನು ಓದುವ ತಜ್ಞರಿಗೆ ಇವೆಲ್ಲ ಗೊತ್ತಿರುತ್ತದೆ. ಆದ್ದರಿಂದ ನಿಮ್ಮ ಕೆಲಸ ಇದಕ್ಕೆ ಏನನ್ನು ಸೇರಿಸುತ್ತದೆ ಎಂಬುದನ್ನು ಮೊದಲ ಪುಟದಲ್ಲೇ ಹೇಳಬೇಕು.

ಇಲ್ಲಿ ನೆಲದ ಎತ್ತರದ ದತ್ತಾಂಶದ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚಿನ ಪ್ರಸ್ತಾವಗಳು ಎಡವುವುದು ಇಲ್ಲಿಯೇ. ಇಸ್ರೋದ ಭುವನ್ ಪೋರ್ಟಲ್‌ನಲ್ಲಿ ಉಚಿತವಾಗಿ ಸಿಗುವ, ಕಾರ್ಟೋಸ್ಯಾಟ್ ಉಪಗ್ರಹದ ಎತ್ತರದ ನಕ್ಷೆಯಲ್ಲಿ ಒಂದೊಂದು ಚೌಕ ಸುಮಾರು 30 ಮೀಟರ್ ಅಗಲವಿರುತ್ತದೆ. ಹತ್ತು ಮೀಟರ್ ಅಗಲದ ರಾಜಕಾಲುವೆ ಅದರೊಳಗೆ ಕರಗಿಹೋಗುತ್ತದೆ. ಕಾಲುವೆಯ ತಡೆಗೋಡೆ, ಮೋರಿ, ಒತ್ತುವರಿಯಾಗಿ ಇಕ್ಕಟ್ಟಾದ ತಿರುವು ಯಾವುದೂ ಕಾಣುವುದಿಲ್ಲ. ನೀರು ಉಕ್ಕುವುದೋ ಆ ತಿರುವಿನಲ್ಲೇ. ಹಾಗಾಗಿ ಲೈಡಾರ್ (ಲೇಸರ್ ಕಿರಣದಿಂದ ನೆಲ ಅಳೆಯುವ ವಿಧಾನ) ಅಥವಾ ಡ್ರೋನ್ ಸರ್ವೆಗೆ, ಕನಿಷ್ಠ ಮುಖ್ಯ ಮೋರಿಗಳನ್ನು ಟೇಪು ಹಿಡಿದು ಅಳೆಯಲು ಹಣ ಕೇಳಲೇಬೇಕು.

ಮೂರನೆಯದು ಗಡಿ. ಕಣಿವೆಯ ಗಡಿಯೇ ಅವಳಿಯ ಗಡಿ ಎಂದುಕೊಂಡರೆ ನೀರಿನ ಲೆಕ್ಕ ಸರಿಹೋಗುತ್ತದೆ, ಆದರೆ ತೊರೆಕಾಡನಹಳ್ಳಿ ಹೊರಗುಳಿಯುತ್ತದೆ. ಕಣಿವೆಯನ್ನು ವಿವರವಾಗಿಯೂ, ಅದು ಅವಲಂಬಿಸಿದ ಪಂಪ್‌ಹೌಸ್, ವಿದ್ಯುತ್ ಉಪಕೇಂದ್ರಗಳನ್ನು ‘ನಡೆಯುತ್ತಿದೆ, ನಿಂತಿದೆ’ ಎಂಬಷ್ಟು ಸರಳವಾಗಿಯೂ ಸೇರಿಸುವುದು ನನ್ನ ಪ್ರಕಾರ ಒಳ್ಳೆಯ ದಾರಿ. ಈ ಎರಡನೇ ಪದರ ಸೂಕ್ಷ್ಮ ಮಾಹಿತಿಯಾದ್ದರಿಂದ ಯಾರು ನೋಡಬಹುದು, ಯಾರು ನೋಡಬಾರದು ಎಂಬುದನ್ನು ಬರೆದಿಡಿ.

ಮಾದರಿಯನ್ನು ಪರೀಕ್ಷಿಸುವ ಬಗೆಯನ್ನೂ ಮೊದಲೇ ಹೇಳಬೇಕು. 2022ರ ಸೆಪ್ಟೆಂಬರ್ ಮಳೆಯನ್ನು ಅವಳಿಗೆ ಉಣಿಸಿ, ಅಂದು ಮುಳುಗಿದ ಬಡಾವಣೆಗಳನ್ನೇ ಅದು ತೋರಿಸುತ್ತದೆಯೇ ಎಂದು ನೋಡುವುದು ಒಂದು. ಮುಳುಗದ ಬಡಾವಣೆಗಳನ್ನು ಮುಳುಗಿಸುತ್ತದೆಯೇ ಎಂದು ನೋಡುವುದು ಇನ್ನೊಂದು. ಸುಳ್ಳು ಎಚ್ಚರಿಕೆ ನಾಲ್ಕು ಸಲ ಬಂದರೆ ಐದನೆಯ ಸಲ ಯಾರೂ ಫೋನ್ ಎತ್ತುವುದಿಲ್ಲ.

ಇನ್ನು ಹಣದ ಲೆಕ್ಕ. ಸೂಪರ್‌ಕಂಪ್ಯೂಟರ್ ಕೊಳ್ಳಲು ಹೊರಡಬೇಡಿ. ನ್ಯಾಷನಲ್ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅಡಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 3.3 ಪೆಟಾಫ್ಲಾಪ್ (ಗಣಕದ ವೇಗದ ಅಳತೆ) ಸಾಮರ್ಥ್ಯದ ‘ಪರಮ್ ಪ್ರವೇಗ’ ಸೂಪರ್‌ಕಂಪ್ಯೂಟರ್ 2022ರಿಂದ ಇದೆ, ಅಂಥ ಕಡೆ ಸಹಭಾಗಿತ್ವ ಕೇಳಿ. ಕಿರಿಯ ಸಂಶೋಧಕರ ಮಾಸಿಕ ಫೆಲೋಶಿಪ್ 2023ರಿಂದ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಉಳಿದದ್ದರಲ್ಲಿ ದೊಡ್ಡ ಪಾಲು ಹೋಗಬೇಕಾದದ್ದು ಪರದೆಯ ಮೇಲಿನ ಮೂರು ಆಯಾಮದ ಚಿತ್ರಗಳಿಗಲ್ಲ, ಸೆನ್ಸರ್‌ಗಳ ಆರೈಕೆಗೆ. ನಾನು ಒಮ್ಮೆ ಕೈಜೋಡಿಸಿದ್ದ ಯೋಜನೆಯಲ್ಲಿ, ಸುರಿಮಳೆಯ ರಾತ್ರಿಯಿಡೀ ಒಂದು ಮಳೆಮಾಪಕ ಸೊನ್ನೆಯನ್ನೇ ಕಳುಹಿಸುತ್ತಿತ್ತು. ಬೆಳಿಗ್ಗೆ ಏಣಿ ಹಾಕಿ ನೋಡಿದರೆ ಬಾಯಿಗೆ ಒಣಗಿದ ಎಲೆ ಕಟ್ಟಿ, ಕೊಳವೆಯ ತುಂಬ ನೀರು ನಿಂತಿತ್ತು. ಎಲೆ ತೆಗೆಯುವವರ ಕೂಲಿಗೆ ಬಜೆಟ್‌ನಲ್ಲಿ ಸಾಲೇ ಇರಲಿಲ್ಲ.

ಯಾರ ಬಾಗಿಲು ತಟ್ಟಬೇಕು? 2023ರ ಕಾಯ್ದೆಯಿಂದ ಹುಟ್ಟಿ, ಹಳೆಯ ಎಸ್‌ಇಆರ್‌ಬಿಯನ್ನು (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ತನ್ನೊಳಗೆ ಸೇರಿಸಿಕೊಂಡ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಷನ್ ಮೊದಲನೆಯದು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಭೂವಿಜ್ಞಾನ ಸಚಿವಾಲಯ ಇನ್ನೆರಡು. 15ನೇ ಹಣಕಾಸು ಆಯೋಗವು ನಗರ ಪ್ರವಾಹ ತಗ್ಗಿಸಲು ಏಳು ನಗರಗಳಿಗೆ 2,500 ಕೋಟಿ ರೂಪಾಯಿ, ಅದರಲ್ಲಿ ಬೆಂಗಳೂರಿಗೆ 250 ಕೋಟಿ ಶಿಫಾರಸು ಮಾಡಿತ್ತು. ಅದು ಸಂಶೋಧನೆಯ ಹಣವಲ್ಲ, ಅಧ್ಯಾಪಕರು ನೇರವಾಗಿ ಕೇಳುವಂಥದ್ದೂ ಅಲ್ಲ. ಆದರೆ ಅಂಥ ಕಾಮಗಾರಿ ಎಲ್ಲಿ ಆಗಬೇಕೆಂದು ನಿಮ್ಮ ಅವಳಿ ಹೇಳಬಲ್ಲದಾದರೆ ಪ್ರಸ್ತಾವಕ್ಕೆ ತೂಕ ಬರುತ್ತದೆ.

ಕೊನೆಯದಾಗಿ, ಲಗತ್ತಿಸುವ ಪತ್ರಗಳು. ಪ್ರಾಂಶುಪಾಲರ ಒಪ್ಪಿಗೆ ಪತ್ರ ಎಲ್ಲರೂ ಇಡುತ್ತಾರೆ. ಅದರ ಜೊತೆಗೆ, ಮೂರು ವರ್ಷದ ಯೋಜನೆಯಾದರೆ ನಾಲ್ಕನೇ ವರ್ಷದ ಮೊದಲ ದಿನದಿಂದ ಸೆನ್ಸರ್‌ಗಳನ್ನು ಯಾವ ಕಚೇರಿ ವಹಿಸಿಕೊಳ್ಳುತ್ತದೆ ಎಂಬ ಪತ್ರವೂ ಆ ಕಚೇರಿಯ ಮೊಹರಿನೊಂದಿಗೆ ಇರಬೇಕು. ಇದನ್ನು ಪಡೆಯಲು ತಿಂಗಳುಗಟ್ಟಲೆ ಓಡಾಡಬೇಕಾಗುವುದರಿಂದ, ಪ್ರಸ್ತಾವದ ಮೊದಲ ವಾಕ್ಯ ಬರೆದ ದಿನವೇ ಈ ಪತ್ರಕ್ಕೆ ಅರ್ಜಿ ಕೊಟ್ಟುಬಿಡಿ.